ಜೆಸಿಂತಾ ಸಿಸ್ಟರ್ ಕೇಳಿದ ಒಂದೇ ಒಂದು ದಿನ

ಓದಿ ನನ್ನನ್ನು ಬೈಯಬೇಕೆನಿಸಿದರೆ ಬೈಯಿರಿ... ಆದರೆ ಕೊನೆವರೆಗೂ ಓದಿ.

ನಮ್ಮದು ತಾಲ್ಲೂಕು ಆಸ್ಪತ್ರೆ. ಹೆರಿಗೆ ವಾರ್ಡಿನಲ್ಲಿ ನಾವು ಐದು ಜನ ನರ್ಸ್‌ಗಳು. ಜೆಸಿಂತಾ ಸಿಸ್ಟರ್ ಒಬ್ಬರೇ ಕ್ರಿಶ್ಚಿಯನ್, ಕಾರ್ಕಳದ ಕಡೆಯವರು.

ಯುಗಾದಿ ಹತ್ತಿರ ಬಂದರೆ ಸಾಕು, ನಾವೆಲ್ಲ ಅವರ ಸುತ್ತ!

"ಸಿಸ್ಟರ್, ನಿಮಗೇನು ಹಬ್ಬ ಇಲ್ವಲ್ಲ... ನನ್ನ ಡ್ಯೂಟಿ ಸ್ವಲ್ಪ ನೋಡ್ಕೊಳ್ಳಿ."

"ಆಯ್ತು ಮಾರಾಯ್ತಿ, ಹೋಗು. ನಂಗೊಂದು ಒಬ್ಬಟ್ಟು ತಂದ್ರೆ ಆಯ್ತು."

ಗೌರಿ ಹಬ್ಬ, ದೀಪಾವಳಿ, ಸಂಕ್ರಾಂತಿ... ಹೀಗೇ ಹನ್ನೊಂದು ವರ್ಷ. ಒಬ್ಬಟ್ಟು ತರುವುದನ್ನೂ ನಾವು ಎಷ್ಟೋ ಸಲ ಮರೆಯುತ್ತಿದ್ದೆವು.

ಕಳೆದ ಡಿಸೆಂಬರ್‌ನಲ್ಲಿ ಊರಲ್ಲಿದ್ದ ಅವರ ಅಮ್ಮ ಹಾಸಿಗೆ ಹಿಡಿದರು. ಹೊಸ ವರ್ಷ ನೋಡುವುದು ಕಷ್ಟ ಅಂದಿದ್ದರು ಡಾಕ್ಟರು.

ಕ್ರಿಸ್‌ಮಸ್ ದಿನ ಜೆಸಿಂತಾ ಸಿಸ್ಟರ್‌ಗೇ ಡ್ಯೂಟಿ ಬಿದ್ದಿತ್ತು. ಬದಲಿಗೆ ಇನ್ನೊಬ್ಬರು ಒಪ್ಪಿದರೆ ಮಾತ್ರ ರಜೆ.

"ಒಂದೇ ಒಂದು ದಿನ ಯಾರಾದ್ರೂ ನೋಡ್ಕೊಳ್ತೀರಾ? ಅಮ್ಮ ಕರೀತಾ ಇದ್ದಾರೆ..."

ಅಷ್ಟು ವರ್ಷದಲ್ಲಿ ಅವರು ಕೇಳಿದ್ದು ಅದೇ ಮೊದಲು.

ವಸುಮತಿ ಮಕ್ಕಳನ್ನು ಮೈಸೂರು ಝೂಗೆ ಕರೆದೊಯ್ಯಬೇಕಿತ್ತು. ಇನ್ನೊಬ್ಬಳಿಗೆ ನಾದಿನಿಯ ಸೀಮಂತ. ಮತ್ತೊಬ್ಬಳು ಕೇಳಿಸದವಳಂತೆ ಸಿರಿಂಜ್ ಜೋಡಿಸುತ್ತಾ ನಿಂತಳು.

ನಾನು? ನನಗೆ ಯಾವ ಕೆಲಸವೂ ಇರಲಿಲ್ಲ. ಮನೆಯಲ್ಲಿ ಹಾಯಾಗಿ ಮಲಗೋಣ ಅಂತಿದ್ದೆ.

"ಅಯ್ಯೋ ಸಿಸ್ಟರ್, ಅವತ್ತು ಮನೆಗೆ ನೆಂಟರು ಬರ್ತಾರೆ" ಅಂದುಬಿಟ್ಟೆ.

ಕ್ರಿಸ್‌ಮಸ್ ದಿನ ಮಧ್ಯಾಹ್ನ, ಆಗಷ್ಟೇ ಹುಟ್ಟಿದ ಯಾರದೋ ಮಗುವನ್ನು ಒರೆಸುತ್ತಿದ್ದಾಗ ಅವರಿಗೆ ಫೋನ್ ಬಂತಂತೆ... ಅಮ್ಮ ಹೋಗಿಬಿಟ್ಟಿದ್ದರು. ಬಾಗಿಲ ಕಡೆಯೇ ನೋಡುತ್ತಾ.

ಸಿಸ್ಟರ್ ಆ ಮಗುವಿಗೆ ಬಟ್ಟೆ ಸುತ್ತಿ, ತಾಯಿಯ ಪಕ್ಕ ಮಲಗಿಸಿ, ಆಮೇಲೆ ಅತ್ತರಂತೆ.

ಜನವರಿ ಹತ್ತಕ್ಕೆ ಕೆಲಸಕ್ಕೆ ಮರಳಿದರು. ನಾವು ನಾಲ್ವರೂ ತಬ್ಬಿಕೊಂಡು ಗೊಳೋ ಅಂತ ಅತ್ತೆವು. ಕಣ್ಣೊರೆಸಿಕೊಳ್ಳುತ್ತಲೇ ನಾನು ಕೇಳಿದೆ. ನಾಲಿಗೆಗೆ ಅಭ್ಯಾಸವಾಗಿ ಹೋಗಿತ್ತು, ಸುಡಬೇಕು ಅದನ್ನು...

"ಸಿಸ್ಟರ್, ಸಂಕ್ರಾಂತಿ ದಿನ ನನ್ನ ಡ್ಯೂಟಿ..."

ಅವರು ಪೆನ್ನು ತೆಗೆದುಕೊಂಡರು. ಡ್ಯೂಟಿ ಪಟ್ಟಿಯಲ್ಲಿ ನನ್ನ ಹೆಸರು ಹೊಡೆದು, ತಮ್ಮ ಹೆಸರು ಬರೆದರು. ಆಮೇಲೆ ನನ್ನ ಕೈ ಹಿಡಿದು ಪ್ರೀತಿಯಿಂದಲೇ ಕೇಳಿದರು...

"ಅವತ್ತು ನೆಂಟರೆಲ್ಲ ಬಂದು ಹೋದ್ರಾ ಮಾರಾಯ್ತಿ? ಊಟಕ್ಕೆ ಏನು ಮಾಡಿದ್ದೆ?"

ಕೇಳಿದಾಗಲೆಲ್ಲ ಹೂಂ ಅಂದವರು ಒಂದು ದಿನ ತಾವೇ ಕೇಳಲು ಬಂದಾಗ, ನಮ್ಮ ಬಾಯಲ್ಲಿ ಸುಳ್ಳು ಸಿದ್ಧವಾಗಿರಬಾರದು.

ನಿಮ್ಮ ಆಫೀಸಿನ ಜೆಸಿಂತಾ ಯಾರು... ಅವರ ಹಬ್ಬ ಯಾವತ್ತು ಅಂತ ನಿಮಗೆ ಗೊತ್ತಾ?