ಇಪ್ಪತ್ತಮೂರು ಮಕ್ಕಳ ಓದು

ಶಾಲೆ ಬಿಟ್ಟ ಮೇಲೂ ಶಿಕ್ಷಕಿ ಮಕ್ಕಳ ಬೆಂಚಿನಲ್ಲಿ ಕೂತು ಟ್ಯಾಬ್ ಒತ್ತುತ್ತಿದ್ದಳು. ಪ್ರತಿ ಮಗುವೂ ಅದರಲ್ಲಿ ದಿನಕ್ಕೊಂದು ಕಥೆ ಓದಿ ಉತ್ತರಿಸಬೇಕು. ಉತ್ತರ ನೋಡಿ, ಆ ಮಗುವಿಗೆ ತಕ್ಕ ಮುಂದಿನ ಪಾಠವನ್ನು ಅದೇ ಆರಿಸುತ್ತದೆ. ಪಾಠ ಬಾಕಿ ಉಳಿದರೆ ಅತಿಥಿ ಶಿಕ್ಷಕಿಯಾದ ಅವಳನ್ನು ಮುಂದುವರಿಸುವುದಿಲ್ಲ ಎಂದು ಮೇಲಿನವರು ಹೇಳಿದ್ದರು. ಇಪ್ಪತ್ತಮೂರು ಮಕ್ಕಳಿಗೆ ಇದ್ದದ್ದು ಒಂದೇ ಟ್ಯಾಬ್. ಹಗಲೆಲ್ಲ ಅಕ್ಷರ ತಿದ್ದಿಸಿ, ಸಂಜೆ ಅಷ್ಟೂ ಮಕ್ಕಳ ಪಾಠವನ್ನು ಅವಳೇ ಮುಗಿಸುತ್ತಿದ್ದಳು. ಅದೇ ಬಾತುಕೋಳಿಯ ಕಥೆ ಇವತ್ತು ಎಂಟನೇ ಸಲ ಬಂದಿತ್ತು.

"ಬೇಗ ಒತ್ತಿ ಏಳಿ ಟೀಚರಮ್ಮ, ಬೀಗ ಹಾಕ್ಬೇಕು," ಎಂದಳು ಬಿಸಿಯೂಟ ಬೇಯಿಸುವ ಸಾವಂತ್ರಮ್ಮ.

"ಎಲ್ಲಾ ಸರಿ ಒತ್ತಿದ್ರೆ ಇದಕ್ಕೆ ಅನುಮಾನ ಬರುತ್ತೆ. ಒಂದೊಂದು ಮಗು ಹೆಸರಲ್ಲಿ ಒಂದೊಂದು ಥರ ತಪ್ಪು ಮಾಡ್ಬೇಕು."

"ಅಯ್ಯೋ, ಮಕ್ಕಳು ಮಾಡೋ ತಪ್ಪನ್ನೂ ನೀವೇ ಮಾಡಿಕೊಡ್ಬೇಕಾ!"

"ನಗಬೇಡಿ ಸಾವಂತ್ರಮ್ಮ. ಗೊತ್ತಾದ್ರೆ ನನ್ನ ಕೆಲ್ಸ ಹೋಗುತ್ತೆ."

ಕಣ್ಣುಜ್ಜಿಕೊಂಡು ಕೊನೆಯ ಹುಡುಗಿಯ ಪಾಠವನ್ನೂ ಮುಗಿಸಿದಳು. ಪರದೆಯ ಮೇಲೆ ಹಿಂದೆಂದೂ ಕಾಣದ ಕೆಂಪು ಸೂಚನೆಯೊಂದು ಮೂಡಿತು. ಸಾವಂತ್ರಮ್ಮ ಬಗ್ಗಿ ನೋಡಿದಳು.

"ಸಿಕ್ಕಾಕ್ಕೊಂಡ್ರಾ? ಏನಂತೆ, ಓದಿ."

ಶಿಕ್ಷಕಿ ಮೆಲ್ಲನೆ ಓದಿದಳು: "ನಿಮ್ಮ ತರಗತಿಯ ಇಪ್ಪತ್ತಮೂರು ಮಕ್ಕಳೂ ತುಂಬ ದಣಿದಿದ್ದಾರೆ. ದಯವಿಟ್ಟು ಅವರಿಗೆ ಎರಡು ದಿನ ವಿಶ್ರಾಂತಿ ಕೊಡಿ."