ಎಂಬತ್ತು ದಾಟಿದ ಮೇಲೆ

“ಎಂಬತ್ತು ದಾಟಲಿ, ಆಮೇಲೆ ಹೇಳಿ,” ಎಂದರು ಅಪ್ಪ.

ಗಾಡಿ ಓಡಿಸುತ್ತಿದ್ದವರು ಗ್ಯಾರೇಜಿನ ಮೇಸ್ತ್ರಿ. ಎರಡೂ ಕೈ ಸ್ಟೀರಿಂಗ್ ಮೇಲೆ, ಕಣ್ಣು ಹೆದ್ದಾರಿಯ ಮೇಲೆ. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಮಗಳು ಮುಂದಕ್ಕೆ ಬಾಗಿ ವೇಗದ ಮುಳ್ಳನ್ನೇ ನೋಡುತ್ತಿದ್ದಳು. ಎಪ್ಪತ್ತು. ಎಪ್ಪತ್ತೈದು. ಹತ್ತೊಂಬತ್ತು ವರ್ಷದ ಕಾರು ಏದುಸಿರು ಬಿಡುತ್ತ ಎಂಬತ್ತಕ್ಕೆ ಏರಿತು, ತೊಂಬತ್ತನ್ನೂ ಮುಟ್ಟಿತು.

“ನಡುಕ ಏನಿಲ್ಲ,” ಎಂದರು ಮೇಸ್ತ್ರಿ.

“ಏನಿಲ್ಲ ಅಂದ್ರೆ? ಇಲ್ಲಿ ನನ್ನ ಕಾಲಿಗೇ ಸಣ್ಣಗೆ ಗೊತ್ತಾಗ್ತಿದೆಯಲ್ರೀ.”

“ಅದು ರಸ್ತೆ ಸಾರ್, ಗಾಡಿ ಅಲ್ಲ.”

ಅಪ್ಪ ಸ್ಟೀರಿಂಗ್ ಕಡೆ ಕೈ ಚಾಚಿದರು. ಮೇಸ್ತ್ರಿ ನಕ್ಕರು. “ಒಂದು ಗಾಡಿಗೆ ಇಬ್ಬರು ಡ್ರೈವರ್ ಬೇಡ. ಕೈ ತೆಗೀರಿ.”

ಅಪ್ಪ ಕೈ ಹಿಂದಕ್ಕೆಳೆದುಕೊಂಡರು. ಅದು ನಡುಗುತ್ತಿತ್ತು. ನೋಡಬಾರದ್ದನ್ನು ನೋಡಿದೆ ಅನ್ನಿಸಿ ಮಗಳು ಕಿಟಕಿಯತ್ತ ತಿರುಗಿದಳು.

ಎರಡು ತಿಂಗಳಿಂದ ಮನೆಯಲ್ಲಿ ಇದೇ ಮಾತು. ಸೋಮವಾರ ಮತ್ತು ಗುರುವಾರ ಅಮ್ಮನಿಗೆ ಪಕ್ಕದ ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಹೋಗಿ ಬರಲು ನೂರಿಪ್ಪತ್ತು ಕಿಲೋಮೀಟರ್ ಹೆದ್ದಾರಿ. ಎಂಬತ್ತು ದಾಟಿದರೆ ಸ್ಟೀರಿಂಗ್ ನಡುಗುತ್ತದೆ ಎನ್ನುತ್ತಿದ್ದರು ಅಪ್ಪ. ಮೇಸ್ತ್ರಿ ಮೊದಲ ಸಲ ಬಾಲ್ ಜಾಯಿಂಟ್ ಬದಲಾಯಿಸಿದರು, ಎರಡನೇ ಸಲ ಇಂಜಿನ್ ಕೆಳಗಿನ ರಬ್ಬರ್. ನಡುಕ ನಿಲ್ಲಲಿಲ್ಲ.

ಅಷ್ಟರಲ್ಲಿ ಮಗಳ ಕಣ್ಣಿಗೆ ಬೇರೆಯದೇ ಬಿದ್ದಿತ್ತು. ಅಪ್ಪನ ಕೈಯಲ್ಲಿ ಕಾಫಿ ತುಳುಕುತ್ತಿತ್ತು. ತುಳುಕಿದ ದಿನಗಳಿಗೆಲ್ಲ ಅವಳು ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಚುಕ್ಕೆ ಇಟ್ಟಳು. ಎಲ್ಲವೂ ಆಸ್ಪತ್ರೆಗೆ ಹೋಗಿಬಂದ ದಿನಗಳೇ. ಆಯಾಸವಾದಾಗ ಕಾಯಿಲೆ ಹೊರಗೆ ಬೀಳುತ್ತದೆ ಎಂದುಕೊಂಡಳು. ಹೇಳಬೇಕಾದ ಒಂದು ವಾಕ್ಯವನ್ನು ಮನಸ್ಸಿನಲ್ಲೇ ವಾರವಿಡೀ ತಿದ್ದಿ, ಕೊನೆಗೆ ತಟ್ಟೆಯ ಮೇಲಿನ ಕಣ್ಣು ಎತ್ತದೆ ಹೇಳಿದ್ದಳು: “ಅಪ್ಪಾ, ನಡುಗ್ತಿರೋದು ಗಾಡಿ ಅಲ್ಲದಿದ್ರೆ?”

ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದವರು ಅಪ್ಪ. ಊಟ ನಿಲ್ಲಿಸಿ ಮಗಳನ್ನೇ ನೋಡಿದರು. “ಗಾಡಿ ಸರಿ ಇದೆ ಅಂತ ಮೇಸ್ತ್ರಿ ಮೂರನೇ ಸಲ ನೋಡಿ ಹೇಳಿದ್ರೆ ಕೀಲಿ ನಿನ್ನ ಕೈಗೆ. ಆಮೇಲೆ ನಾನು ಸ್ಟೀರಿಂಗ್ ಮುಟ್ಟಲ್ಲ.”

ಪಕ್ಕದ ಬೀದಿಯಲ್ಲಿ ಚಕ್ರದ ಸಮತೋಲ ನೋಡುವ ಕಂಪ್ಯೂಟರ್ ಇದ್ದ ಅಂಗಡಿಯಿತ್ತು. ಅಲ್ಲಿಗೆ ಹೋಗೋಣ ಎಂದರೆ ಅಪ್ಪ ಕೇಳಿರಲಿಲ್ಲ. ಮೇಸ್ತ್ರಿ ಅಂಗೈ ಇಟ್ಟು ನೋಡಿದರೆ ಸಾಕು, ಗಾಡಿ ತನ್ನ ಕಷ್ಟವನ್ನೆಲ್ಲ ಒಪ್ಪಿಸುತ್ತದೆ ಎಂದು ಬಸ್ ಡಿಪೋದಲ್ಲೆಲ್ಲ ಹೆಸರಾಗಿತ್ತು.

ಗ್ಯಾರೇಜಿಗೆ ಮರಳಿದ ಮೇಲೂ ಮೇಸ್ತ್ರಿ ಅವಸರ ಮಾಡಲಿಲ್ಲ. ಮುಂಭಾಗವನ್ನು ಜಾಕ್ ಮೇಲೆತ್ತಿ, ಎಡ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ಟೈರಿನ ಮೇಲೆ, ಪಕ್ಕದಲ್ಲಿ, ಹಿಂದೆ ಕೈಹಾಕಿ ಒಳಮೈಯಲ್ಲೂ, ನಡುಕ ತರುವಂಥ ಉಬ್ಬು ಇದೆಯೇ ಎಂದು ಅಂಗೈ ಆಡಿಸಿದರು. ಬಲಗಡೆಯದಕ್ಕೂ ಹಾಗೆಯೇ. ಒಂದು ನಟ್ ಬೆರಳಿನಿಂದ ಜಾರಿ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ಆಮೇಲೆ ಅದನ್ನು ದಿಟ್ಟಿಸಿ ನೋಡುತ್ತಲೇ ಹಿಡಿದು ಕೂರಿಸಿದರು. ಕಾರಿನ ಕೀಲಿಗಾಗಿ ಜೇಬಿಗೆ ಕೈ ಹಾಕಿದವರು ಜೇಬಿನಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದು ಹುಡುಕಿದರು. ಎಷ್ಟು ನಿಧಾನಸ್ಥರು, ಎಷ್ಟು ಜೋಪಾನ ಎಂದು ಮಗಳಿಗೆ ಸಮಾಧಾನವೇ ಆಯಿತು.

“ಟೈರು ಬೆಣ್ಣೆ ಹಾಗಿದೆ ಸಾರ್. ಗಾಡೀಲಿ ಏನೂ ಇಲ್ಲ,” ಎಂದರು.

 ಅಪ್ಪ ಮೇಜಿನ ಮೇಲಿನ ಕೀಲಿ ಎತ್ತಿ ಮಗಳ ಅಂಗೈಗೆ ಹಾಕಿದರು.

“ನಾಳೆ ಅಮ್ಮನ್ನ ಯಾರು ಕರ್ಕೊಂಡು ಹೋಗ್ತಾರೆ?”

“ಒಬ್ಬ ಡ್ರೈವರಿಗೆ ಹೇಳಿದ್ದೀನಪ್ಪ. ಬೆಳಿಗ್ಗೆ ಏಳಕ್ಕೆ ಬರ್ತಾರೆ.”

“ಮೊದಲೇ ಹೇಳಿಟ್ಟಿದ್ದೀಯ.” ಕೋಪವಿರಲಿಲ್ಲ. “ಒಳ್ಳೇದಾಯ್ತು ಬಿಡು. ಎಂಬತ್ತರ ಮೇಲೆ ಹೋಗಬೇಡ ಅಂತ ಹೇಳು. ಗಾಡಿಗೋಸ್ಕರ ಅಲ್ಲ, ಅಮ್ಮನಿಗೋಸ್ಕರ.”

ಅವರು ಹೊರಗೆ ಹೋಗಿ ಗೇಟಿನ ಬಳಿ ಬೆನ್ನು ತಿರುಗಿಸಿ ನಿಂತರು. ಜೇಬಿನಲ್ಲಿ ಎರಡೂ ಕೈ. ಮಗಳು ಕಣ್ಣೊರೆಸಿಕೊಂಡಳು.

ಮೇಸ್ತ್ರಿ ಬಾನೆಟ್ ಎತ್ತಿದರು. ಇಂಜಿನಿನ ಬಿಸಿ ಮುಖಕ್ಕೆ ರಾಚಿತು. “ಆಯಿಲ್ ಒಂದು ನೋಡಿಬಿಡ್ತೀನಿ,” ಎಂದು ಎಡಗೈ ಊರಿ ಒಳಕ್ಕೆ ಬಗ್ಗಿದರು. ದನಿ ತಗ್ಗಿಸಿದರು. “ನೀನು ಅಳಬೇಡಮ್ಮ. ವಯಸ್ಸಾದ ಮೇಲೆ ಕೈ ಮಾತು ಕೇಳಲ್ಲ, ಎಲ್ಲರಿಗೂ ಬರೋದೇ. ಒಪ್ಪಿಕೊಳ್ಳೋದು ಕಷ್ಟ, ಅಷ್ಟೆ. ನಿಮ್ಮಪ್ಪ ದೊಡ್ಡ ಮನುಷ್ಯ, ಒಪ್ಪಿಕೊಂಡ್ರು. ನನ್ನ ಕೇಳಿದ್ರೆ…”

ಏನೋ ಸುಟ್ಟ ವಾಸನೆ. ವೈರು ಇರಬಹುದೆಂದು ಮಗಳು ಒಳಕ್ಕೆ ಇಣುಕಿದಳು.

“ಮೇಸ್ತ್ರಿ,” ಎಂದಳು. ಅವರ ಎಡಗೈಯತ್ತ ಬೆರಳು ತೋರಿಸಿದಳು. ಇನ್ನೊಮ್ಮೆ ಎಂದಳು. “ಮೇಸ್ತ್ರಿ, ನಿಮ್ಮ ಕೈ.”

“ಏನಾಗಿದೆ ಕೈಗೆ?”

ಅವರು ಬಗ್ಗಿ ನೋಡಿಕೊಂಡರು. ಹೆದ್ದಾರಿಯಿಂದ ಬಂದು ಇನ್ನೂ ಆರದ ಇಂಜಿನಿನ ಹೊಗೆ ಕೊಳವೆಯ ಮೇಲೆ ಅಂಗೈ ಪೂರ್ತಿ ಊರಿತ್ತು. ನೋಡಿದ ಮೇಲೆಯೇ ಅದನ್ನು ಎತ್ತಿದರು. ಚರ್ಮ ಕೊಳವೆಗೆ ಅಂಟಿ ಉಳಿಯಿತು. ಮುಖದಲ್ಲಿ ನೋವಿರಲಿಲ್ಲ, ಸಿಕ್ಕಿಬಿದ್ದವರ ಹೆದರಿಕೆಯಿತ್ತು. ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಗೇಟಿನ ಕಡೆ ನೋಡಿದರು.

“ನಿಮ್ಮಪ್ಪನಿಗೆ ಹೇಳಬೇಡಮ್ಮ.”

 ಅವಳು ಜಾಕ್ ಮೇಲಿದ್ದ ಎಡ ಚಕ್ರದ ಮುಂದೆ ಮಂಡಿಯೂರಿ, ಟೈರಿನ ಹಿಂದೆ ಕೈ ತೂರಿಸಿ, ಒಳಮೈ ಸವರುತ್ತ ಹೋದಳು.

ಅರ್ಧ ಸುತ್ತು ಹೋಗುವುದರೊಳಗೆ, ನಿಂಬೆಹಣ್ಣಿನ ಗಾತ್ರದ ಉಬ್ಬೊಂದು ಅವಳ ಅಂಗೈ ತುಂಬಿತು.