ಬುಧವಾರದ ಸಲಹೆ

ಕನ್ನಡಕ ತೆಗೆಯಲು ಹೋದ ಲೋರ್ನಾಳ ಕೈಚೀಲದಿಂದ ಕಾರ್ಡೊಂದು ಜಾರಿ ಲೈಬ್ರರಿಯ ಮೇಜಿನ ಮೇಲೆ, ವರ್ನನ್‌ನ ಎದುರಿಗೇ ಬಿತ್ತು. ವಯಸ್ಸಾದವರಿಗೆ ಸರ್ಕಾರ ಕೊಡುವ ಮೆಡಿಕೇರ್ ಆರೋಗ್ಯ ವಿಮೆಗೆ ಸೇರಿಸಿಕೊಳ್ಳುವ ಪೂರಕ ವಿಮೆಯ ಕಾರ್ಡು. ಅವಳದೇ ಹೆಸರು, ಮುಂದಿನ ತಿಂಗಳಿಂದ ಜಾರಿ; ಆಯ್ಕೆ ಆಗಲೇ ಮುಗಿದಿತ್ತು.

ಅರವತ್ತೈದಕ್ಕೆ ಕಾಲಿಡುವವರಿಗೆ ಈ ವಿಮೆಯ ಬಗ್ಗೆ ಪುಕ್ಕಟೆ ಸಲಹೆ ಕೊಡುವ ನಿವೃತ್ತ ಅಂಚೆಯವ ವರ್ನನ್‌ನ ಮುಂದೆ ಅವಳು ಕೂತದ್ದು ಇದು ನಾಲ್ಕನೇ ಬುಧವಾರ. "ಪೂರಕ ವಿಮೆ ಸೇರಿಸ್ಲಾ, ಇಲ್ಲ ಅದರ ಬದಲು ಖಾಸಗಿ ಕಂಪನಿಯವರ ಅಡ್ವಾಂಟೇಜ್ ವಿಮೆನೇ ತಗೊಳ್ಲಾ? ತಲೆ ಕೆಟ್ಟುಹೋಗಿದೆ ಕಣ್ರೀ" ಎಂದು ಈಗಷ್ಟೇ ಕೇಳಿದ್ದಳು. ಹೋದ ವಾರ ಅವನು ರೇಗಿಸಿಯೂ ಇದ್ದ: "ಮದುವೆಗೂ ಇಷ್ಟು ಯೋಚಿಸಿರಲಿಲ್ಲವೇನೋ ನೀವು!"

"ಯೋಚಿಸಿದ್ರೆ ಆಗ್ತಿದ್ನೇನ್ರೀ? ಪುಣ್ಯಾತ್ಮ, ಹೋಗಿ ಆರು ವರ್ಷ ಆಯ್ತು" ಎಂದು ಆಗ ನಕ್ಕಿದ್ದಳು.

ಈಗ ನಗಲಿಲ್ಲ. ಕಿವಿಯವರೆಗೂ ಕೆಂಪಾಗಿ, ಎದ್ದು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದಳು. "ಸುಮ್ನೆ ನಿಮ್ಮ ಹೊತ್ತು ಹಾಳು ಮಾಡ್ದೆ."

ವರ್ನನ್ ಅವಳ ಹಿಂದೆ ನೋಡಿದ. ಕಾಯುವವರಿಗೆಂದು ಇಟ್ಟ ಮೂರು ಕುರ್ಚಿಯೂ ಖಾಲಿ. ಕಾರ್ಡನ್ನು ಮಗುಚಿ ಅವಳ ಕಡೆ ಸರಿಸಿ, ಹೊಸ ಹಾಳೆ ತೆಗೆದು ನಡುವೆ ಗೆರೆ ಎಳೆದ.

"ಕೂತ್ಕೊಳ್ಳಿ. ಹಲ್ಲಿನ ಖರ್ಚಿನ ವಿಷಯ ನಾವಿನ್ನೂ ಮಾತಾಡೇ ಇಲ್ಲ" ಎಂದ.

ಅದನ್ನು ಮೂರು ಸಲ ಮಾತಾಡಿಯಾಗಿತ್ತು.